ಕಡಲ ಪಕ್ಕದ ಪೈನ್ ಕಾಡು: ತಾನಾಗಿ ಬೆಳೆದಿದ್ದಾ, ಬೆಳೆಸಿದ್ದಾ?

ಹೊಳೆದಂಡೆ (ತಿ. ನರಸೀಪುರ)

ಫ್ರಾನ್ಸಿನ ನೈಋತ್ಯಕ್ಕೆ, ಅಟ್ಲಾಂಟಿಕ್ ಕಡಲಿಗೆ ಅಂಟಿಕೊಂಡು, ಲಾಂದ್ ಅನ್ನುವ ಪೈನ್ ಕಾಡಿದೆ. ಸುಮಾರು 10 ಲಕ್ಷ ಹೆಕ್ಟೇರ್. ನಮ್ಮ ಮೈಸೂರು, ಮಂಡ್ಯ ಎರಡೂ ಜಿಲ್ಲೆ ಸೇರಿದರೆ ಎಷ್ಟೋ ಹೆಚ್ಚುಕಮ್ಮಿ ಅಷ್ಟು. ಊರು, ರಸ್ತೆ, ಹೊಲ ಬಿಟ್ಟರೆ ಮಿಕ್ಕಿದ್ದರಲ್ಲಿ ಬಹುಪಾಲು ಒಂದೇ ಜಾತಿಯ ಮರ. ಅದನ್ನು ಇನ್ನೂರು ಚಿಲ್ಲರೆ ವರ್ಷದ ಈಚೆಗೆ ಜನರೇ ಬೆಳೆಸಿದ್ದು.

ನನಗೆ ಇದರಲ್ಲಿ ಆಸಕ್ತಿ ಬಂದದ್ದು ಸೂಲಾಕ್ ಅನ್ನುವ ಊರಿನ ಚರ್ಚಿನಿಂದ. 18ನೇ ಶತಮಾನದಲ್ಲಿ ಗಾಳಿಗೆ ಹಾರಿ ಬಂದ ಕಡಲ ಮರಳು ಆ ಚರ್ಚನ್ನು ಹೂತುಹಾಕಿತು. ಊರವರು ಗಂಟುಮೂಟೆ ಕಟ್ಟಿಕೊಂಡು ಬೇರೆ ಕಡೆ ಹೋದರು. 1859ರ ಹೊತ್ತಿಗೆ ಮರಳು ಅಗೆದು ಚರ್ಚನ್ನು ಮತ್ತೆ ಹೊರಗೆ ತೆಗೆಯಲು ಶುರು ಮಾಡಿದರು. ಈಗ ಯುನೆಸ್ಕೊ ಪಟ್ಟಿಯಲ್ಲಿದೆ. ತಲಕಾಡು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವಿಷ್ಣುವರ್ಧನ 1117ರಲ್ಲಿ ಕಟ್ಟಿಸಿದ ಕೀರ್ತಿನಾರಾಯಣ ದೇವಸ್ಥಾನವನ್ನೂ ಮರಳಿನಿಂದಲೇ ಬಿಡಿಸಿದ್ದು. ನಮ್ಮಲ್ಲಿ ಅಲಮೇಲಮ್ಮನ ಶಾಪ ಅಂತೀವಿ. ಅವರಲ್ಲಿ ಯಾರ ಶಾಪವೋ!

ಕೇಳಬೇಕಾಗಿದ್ದು ಇಷ್ಟು. ಅವರು ಮರಳನ್ನು ನಿಲ್ಲಿಸಿದ್ದು ಹೇಗೆ? ಮರ ನೆಟ್ಟರೆ ಸಾಕಾಯಿತಾ? ತಲಕಾಡಿನ ದಿಬ್ಬದ ಮೇಲೂ ನೀಲಗಿರಿ ಬೆಳೆಸಿದ್ದಾರೆ. ಹಾಗಾಗಿ ತಿಳಿದವರು ಯಾರಾದರೂ ಇದ್ದರೆ ಹೇಳಿ.

ಕುವೆಂಪುನಗರ ಸೈಕಲ್

ಓದುವುದಕ್ಕೆ ಬೋರ್ಡೋದಲ್ಲಿದ್ದೆ. ವಾರದ ಕೊನೆಗೆ ಆ ಕಾಡಿನೊಳಗೇ ಸೈಕಲ್ ತುಳಿಯುತ್ತಿದ್ದೆ, ಹಾಗಾಗಿ ಬರೆಯುತ್ತೇನೆ.

ಸುಮ್ನೆ ಮರ ನೆಟ್ಟರೆ ಮರಳು ನಿಲ್ಲುವುದಿಲ್ಲ. ಸಸಿಯನ್ನೇ ಮರಳು ನುಂಗುತ್ತದೆ. ಬ್ರೆಮೊಂತಿಯೆ ಅನ್ನುವ ಸರ್ಕಾರಿ ಎಂಜಿನಿಯರ್ 1787ರಲ್ಲಿ ಲಾ ತೆಸ್ತ್ ಊರಿನ ಹತ್ತಿರ ದೊಡ್ಡದಾಗಿ ಕೆಲಸ ಶುರು ಮಾಡಿದ. ಅವನಿಗಿಂತ ಮುಂಚೆಯೇ ಅಲ್ಲಿನ ಕೆಲವರು ಪ್ರಯೋಗ ಮಾಡಿದ್ದರು, ಹೆಸರು ಮಾತ್ರ ಅವನಿಗೆ ಬಂತು. ಮೊದಲು ಕಡಲ ಕಡೆಗೆ ಮರದ ಹಲಗೆಗಳ ಬೇಲಿ. ಹಲಗೆ ಹಲಗೆಯ ನಡುವೆ ಸಣ್ಣ ಸಂದು. ಗಾಳಿ ತಂದ ಮರಳು ಬೇಲಿಯ ಬುಡದಲ್ಲಿ ಗುಡ್ಡೆಯಾಗುತ್ತದೆ. ಹಲಗೆ ಮುಳುಗುತ್ತಾ ಬಂದ ಹಾಗೆ ಅದನ್ನು ಮೇಲಕ್ಕೆ ಎಳೆದು ನಿಲ್ಲಿಸುತ್ತಾರೆ. ಹೀಗೆ ಮರಳಿಂದಲೇ ಮರಳಿಗೆ ಅಡ್ಡಗೋಡೆ ಎಬ್ಬಿಸುವುದು. ಅದರ ಮೇಲೆ ಆಳಕ್ಕೆ ಬೇರು ಬಿಡುವ ಒರಟು ಹುಲ್ಲು.

ಅದರ ಹಿಂದೆ ಪೈನ್ ಬೀಜ. ಪೈನ್ ಒಂದನ್ನೇ ಅಲ್ಲ, ಬೇಗ ಮೇಲೆ ಬರುವ ಮುಳ್ಳುಪೊದೆಯ ಬೀಜವನ್ನೂ ಬೆರೆಸಿ ಚೆಲ್ಲುತ್ತಿದ್ದರು. ಮೇಲೆ ಸೊಪ್ಪು, ಕೊಂಬೆ ಹಾಸಿ ಮುಚ್ಚುತ್ತಿದ್ದರು. ಪೊದೆ ಮೊದಲು ಎದ್ದು ಗಾಳಿ ತಡೆಯುತ್ತದೆ, ಪೈನ್ ಅದರ ಮರೆಯಲ್ಲಿ ಬೆಳೆಯುತ್ತದೆ. 1801ರಲ್ಲಿ ಸರ್ಕಾರ ಇದನ್ನು ಆದೇಶ ಮಾಡಿ ಕಡಲುದ್ದಕ್ಕೂ ಮಾಡಿಸಿತು. ಮುಗಿಯುವುದಕ್ಕೆ ಹೆಚ್ಚುಕಮ್ಮಿ ಮುಕ್ಕಾಲು ಶತಮಾನ ಹಿಡಿಯಿತು.

ಮುಗಿಯಿತು ಅನ್ನುವುದೂ ತಪ್ಪು. ಇವತ್ತಿಗೂ ಅರಣ್ಯ ಇಲಾಖೆಯವರು ದಿಬ್ಬ ಕಿತ್ತುಹೋದ ಕಡೆಯೆಲ್ಲ ಸೊಪ್ಪು ಹಾಸಿ ಹುಲ್ಲು ನೆಡುತ್ತಾರೆ. ಜನ ತುಳಿಯದ ಹಾಗೆ ತಂತಿ ಕಟ್ಟಿರುತ್ತಾರೆ.

ಕುಕ್ಕರಹಳ್ಳಿ ವಾಕರ್

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಒಂದೇ ಜಾತಿ, ಒಂದೇ ವಯಸ್ಸು, ಸಾಲು ಸಾಲು. ಅದನ್ನು ಕಾಡು ಅನ್ನಬೇಡಿ ಸ್ವಾಮಿ. ಅದು ಹೊಲ. ಕೊಯ್ಲು 40 ವರ್ಷಕ್ಕೊಮ್ಮೆ, ಅಷ್ಟೇ ವ್ಯತ್ಯಾಸ. ಊಟಿ ಪೈನ್ ಫಾರೆಸ್ಟ್‌ಗೆ ಹೋಗಿ ಫೋಟೋ ತೆಗೆಸಿಕೊಂಡು ಬಂದು "ಎಂಥಾ ಪ್ರಕೃತಿ" ಅಂತ ಸ್ಟೇಟಸ್ ಹಾಕುವವರನ್ನು ಕಂಡರೆ ನನಗೆ ನಗು ಬರುತ್ತದೆ. ಅಲ್ಲಿದ್ದ ಹುಲ್ಲುಗಾವಲನ್ನು ಅಳಿಸಿ ಪೈನ್, ನೀಲಗಿರಿ, ವಾಟಲ್ ತುಂಬಿದ್ದು.

ನಿವೃತ್ತ ಮೇಷ್ಟ್ರು

ವಾಕರ್ ಅವರೇ, ಸ್ವಲ್ಪ ತಾಳಿ. ಅಲ್ಲಿ ಪೈನ್ ಹೊರಗಿನಿಂದ ತಂದ ಮರವಲ್ಲ. ಅದೇ ಕರಾವಳಿಯ ಮರ. ಲಾ ತೆಸ್ತ್ ಹತ್ತಿರ ಹಳೆಯ ಕಾಡು ಮುಂಚಿನಿಂದಲೂ ಇತ್ತು, ರೋಮನ್ನರ ಕಾಲದಿಂದ ಅದರ ರಾಳ ತೆಗೆಯುತ್ತಿದ್ದರು. ಇದ್ದ ಮರವನ್ನೇ ಇಲ್ಲದ ಜಾಗಕ್ಕೆಲ್ಲ ಹಬ್ಬಿಸಿದರು. ಊಟಿಯ ಕಥೆಯೇ ಬೇರೆ.

ನಮ್ಮ ಸರ್ವೆ ಮರವನ್ನೂ ಕೆಲವರು ಪೈನ್ ಅಂತಾರೆ. ನೋಡಲು ಸೂಜಿ ಎಲೆ ಇದ್ದಂತೆ ಕಾಣುತ್ತದೆ. ಆದರೆ ಅದು ಪೈನ್ ಅಲ್ಲ, ಹೂ ಬಿಡುವ ಜಾತಿ. ಬೇರಿನ ಗಂಟಿನಲ್ಲಿರುವ ಸೂಕ್ಷ್ಮಜೀವಿ ಗಾಳಿಯ ಸಾರಜನಕ ಹಿಡಿದು ಕೊಡುತ್ತದೆ. ಬರೀ ಮರಳಿನಲ್ಲೂ ಅದು ಬದುಕುವುದು ಅದಕ್ಕೇ. ನಮ್ಮ ಕಾರವಾರದ ಕಡಲದಂಡೆಯಲ್ಲಿ 1860ರ ದಶಕದಲ್ಲೇ ಬೆಳೆಸಿದರು. ಕಡಲ ಕಡೆ ಅದಕ್ಕೆ ಗಾಳಿಮರ ಅಂತಾರೆ.

ತಲಕಾಡಿನ ಬಗ್ಗೆಯೂ ಒಂದು ಮಾತು. ಶಾಪದ ಕಥೆಯನ್ನು ನಾನೂ ಮಕ್ಕಳಿಗೆ ಹೇಳಿದ್ದೇನೆ. ಆದರೆ ಮೇಲ್ಗಡೆ ಮಾಧವಮಂತ್ರಿ ಕಟ್ಟೆ ಕಟ್ಟಿದ ಮೇಲೆ ಹೊಳೆಯ ಹರಿವು ಬದಲಾಗಿ, ಮರಳು ಬಯಲಿಗೆ ಬಿದ್ದು, ಗಾಳಿ ಅದನ್ನು ಊರ ಮೇಲೆ ತಂದು ಸುರಿಯಿತು ಅನ್ನುವ ವಾದವೂ ಇದೆ. ಲಾಂದ್‌ನಲ್ಲಿ ಕಡಲು, ನಮ್ಮಲ್ಲಿ ಕಾವೇರಿ. ಮರಳು ಒಣಗಿ ಗಾಳಿಗೆ ಸಿಕ್ಕರೆ ಸಾಕು.

ಪಾಂಡವಪುರ ಪೋರ

ಮೇಷ್ಟ್ರೇ, ನಮ್ಮ ಕಡೆ ಮರಳು ಈಗ ಹಾರಿ ಬರುವುದಿಲ್ಲ, ರಾತ್ರಿ ಲಾರಿ ಹತ್ತಿ ಹೋಗುತ್ತದೆ 😄

ಮಳವಳ್ಳಿ ಗೌಡ

ಎಲ್ಲರೂ ಮರಳು, ಮರ ಅಂತಿದ್ದೀರಿ. ನಾನು ಕೇಳುವುದು ಬೇರೆ. ಕಾಡು ಬರುವ ಮುಂಚೆ ಅಲ್ಲಿ ಯಾರಿದ್ದರು? ಅಷ್ಟು ದೊಡ್ಡ ಜಾಗ ಖಾಲಿ ಬಿದ್ದಿತ್ತಾ? ಸರ್ಕಾರದವರು "ಪಾಳುಭೂಮಿ" ಅಂತ ಬರೆದುಕೊಂಡ ಜಾಗದಲ್ಲೆಲ್ಲ ಯಾರದೋ ಕುರಿ ಮೇಯುತ್ತಿರುತ್ತದೆ.

ಕುವೆಂಪುನಗರ ಸೈಕಲ್

ಗೌಡ್ರೇ, ಸರಿಯಾದ ಜಾಗಕ್ಕೆ ಕೈ ಹಾಕಿದಿರಿ. ಕುರಿಯೇ ಮೇಯುತ್ತಿತ್ತು!

ಕಡಲ ಅಂಚಿನ ದಿಬ್ಬದ ಕಥೆ ಒಂದು, ಒಳನಾಡಿನ ಬಯಲಿನ ಕಥೆ ಇನ್ನೊಂದು. ಕಾಡಿನ ದೊಡ್ಡ ಭಾಗ ಇರುವುದು ಬಯಲಿನಲ್ಲಿ. ಅದು ಚಪ್ಪಟೆ ನೆಲ. ಒಂದು ಮೊಳ, ಎರಡು ಮೊಳ ಮರಳು ಅಗೆದರೆ ಕೆಳಗೆ ಕಬ್ಬಿಣದ ಅಂಶ ಬೆರೆತು ಇಟ್ಟಿಗೆಯಂತೆ ಗಟ್ಟಿಯಾದ ಕೆಂಗಂದು ಪದರ ಸಿಗುತ್ತದೆ. ನೀರು ಅದನ್ನು ದಾಟಿ ಇಳಿಯುವುದಿಲ್ಲ, ಬೇರೂ ಇಳಿಯುವುದಿಲ್ಲ. ಹಾಗಾಗಿ ಚಳಿಗಾಲದಲ್ಲಿ ಮೈಲುಗಟ್ಟಲೆ ನೀರು ನಿಂತ ಜೌಗು, ಬೇಸಿಗೆಯಲ್ಲಿ ಸುಡುವ ಮರಳು.

ಅಲ್ಲಿನ ಕುರಿಗಾಹಿಗಳು ಮರಗಾಲು ಕಟ್ಟಿಕೊಂಡು ಓಡಾಡುತ್ತಿದ್ದರು. ಜೌಗಿನಲ್ಲಿ ಕಾಲು ನೆನೆಯಬಾರದು, ಪೊದೆಯ ಆಚೆ ಮಂದೆ ಕಾಣಬೇಕು. ಜೊತೆಗೆ ಒಂದು ಉದ್ದ ಕೋಲು. ಆ ಕೋಲನ್ನು ಬೆನ್ನ ಹಿಂದೆ ಊರಿ ಒರಗಿ ನಿಂತು ಉಣ್ಣೆ ಹೆಣೆಯುತ್ತಿದ್ದರು. 1891ರಲ್ಲಿ ಆ ಕಡೆಯ ಸಿಲ್ವಾಂ ದೋರ್ನೋ ಅನ್ನುವವನು ಪ್ಯಾರಿಸ್‌ನಿಂದ ಮಾಸ್ಕೋವರೆಗೆ ಮರಗಾಲಿನಲ್ಲೇ ನಡೆದುಬಿಟ್ಟ.

ಕುರಿ ಸಾಕುತ್ತಿದ್ದದ್ದು ಮುಖ್ಯವಾಗಿ ಗೊಬ್ಬರಕ್ಕೆ. ಬಯಲಲ್ಲಿ ಮೇಯಿಸಿ, ರಾತ್ರಿ ದೊಡ್ಡಿಗೆ ಹೊಡೆದು, ಆ ಗೊಬ್ಬರದಿಂದ ಮನೆ ಹತ್ತಿರದ ತುಂಡು ಹೊಲದಲ್ಲಿ ರೈ ಧಾನ್ಯ ಬೆಳೆಯುತ್ತಿದ್ದರು. ಬಯಲು ಊರೊಟ್ಟಿನ ಆಸ್ತಿ.

1857ರಲ್ಲಿ ಮೂರನೆಯ ನೆಪೋಲಿಯನ್ ಕಾನೂನು ತಂದ. ಊರೊಟ್ಟಿನ ಬಯಲಿಗೆಲ್ಲ ಕಾಲುವೆ ತೋಡಿ ನೀರು ಬಸಿದು, ಮರ ಬೆಳೆಸಲೇಬೇಕು. ದುಡ್ಡಿಲ್ಲದ ಪಂಚಾಯಿತಿಗಳು ಜಾಗ ಮಾರಿದವು. ಕೊಂಡವರು ಯಾರು? ಕೈಯಲ್ಲಿ ಕಾಸಿದ್ದವರು. ಇವತ್ತು ಕಾಡಿನ ನೂರಕ್ಕೆ ಸುಮಾರು 90 ಭಾಗ ಖಾಸಗಿ.

ಮಳವಳ್ಳಿ ಗೌಡ

ನೋಡಿ, ನಾನು ಹೇಳಲಿಲ್ವಾ. ಇದು ನಮ್ಮ ಗೋಮಾಳದ ಕಥೆಯೇ. ನಮ್ಮದು ಬಂಡೂರು ಕುರಿಯ ಸೀಮೆ. ಹೊಲದಲ್ಲಿ ಮಂದೆ ನಿಲ್ಲಿಸಿದರೆ ಗೊಬ್ಬರದ ಅಂಗಡಿಗೆ ಹೋಗಬೇಕಿರಲಿಲ್ಲ. ಗೋಮಾಳ ಕರಗಿತು, ಕುರಿ ಕರಗಿತು. ಮಿಕ್ಕ ಜಾಗಕ್ಕೆ ನೀಲಗಿರಿ. ಅದರ ಕೆಳಗೆ ಏನು ಮೇಯುತ್ತದೆ ಹೇಳಿ? ಹುಲ್ಲೇ ಬರುವುದಿಲ್ಲ.

1983ರಲ್ಲಿ ತುಮಕೂರು ಜಿಲ್ಲೆಯಲ್ಲಿ ರೈತರು ನರ್ಸರಿಗೆ ನುಗ್ಗಿ ನೀಲಗಿರಿ ಸಸಿ ಕಿತ್ತೆಸೆದರು. ಹುಣಸೆ, ಮಾವು ಹಾಕಿ ಅಂದರು. ಸರ್ಕಾರ ನೀಲಗಿರಿ ನೆಡುವುದನ್ನು ನಿಲ್ಲಿಸಿದ್ದು 2017ರಲ್ಲಿ. ಲೆಕ್ಕ ಹಾಕಿಕೊಳ್ಳಿ. ಆ ಫ್ರಾನ್ಸ್ ಕುರಿಗಾಹಿಗಳು ಸುಮ್ನೆ ಇದ್ದರಾ?

ಕುವೆಂಪುನಗರ ಸೈಕಲ್

ಇರಲಿಲ್ಲ. ಎಳೆ ಪೈನ್ ತೋಟಗಳಿಗೆ ಬೆಂಕಿ ಬಿದ್ದದ್ದು ಉಂಟು, ಕುರಿಗಾಹಿಗಳೇ ಇಟ್ಟರು ಅನ್ನುತ್ತಾರೆ. ಆದರೆ ನಿಲ್ಲಿಸಲು ಆಗಲಿಲ್ಲ. ಫೆಲಿಕ್ಸ್ ಆರ್ನೋದಾಂ ಅನ್ನುವ ಒಬ್ಬ ಅಲ್ಲಿಯವನೇ ಕ್ಯಾಮೆರಾ ಹೊತ್ತು ಬಯಲು, ಕುರಿದೊಡ್ಡಿ, ಬಾವಿ, ಮರಗಾಲಿನ ಜನ ಎಲ್ಲವನ್ನೂ ಚಿತ್ರ ತೆಗೆದ. 1921ರಲ್ಲಿ ತೀರಿಕೊಂಡ. ಅವನು ಹೋಗುವ ಹೊತ್ತಿಗೆ ಆ ಬಯಲು ಹೆಚ್ಚಾಗಿ ಅವನ ಫೋಟೋಗಳಲ್ಲೇ ಉಳಿದಿತ್ತು. ಬಾನಂಚಿನವರೆಗೆ ಒಂದೇ ಒಂದು ಮರವಿಲ್ಲದ ಫೋಟೋ ನೋಡಿದರೆ ಇದೇ ಜಾಗವಾ ಅನಿಸುತ್ತದೆ.

ನಿವೃತ್ತ ಮೇಷ್ಟ್ರು

ಇನ್ನೊಂದು ಮಗ್ಗುಲನ್ನೂ ನೋಡಬೇಕು ಗೌಡ್ರೇ. ಆ ಜೌಗಿನಲ್ಲಿ ಜನ ಮಲೇರಿಯಾದಿಂದ ನರಳುತ್ತಿದ್ದರು. ಮೆಕ್ಕೆಜೋಳವನ್ನೇ ತಿಂದು ಪೆಲ್ಲಾಗ್ರ ಅನ್ನುವ ಚರ್ಮದ ರೋಗವೂ ಜಾಸ್ತಿ ಇತ್ತು. ಶಾಂಬ್ರೆಲಾಂ ಅನ್ನುವ ಎಂಜಿನಿಯರ್ ಕಾಲುವೆ ತೋಡಿದರೆ ಪೈನ್ ಬರುತ್ತದೆ ಅಂತ ತನ್ನ ಸ್ವಂತ ಜಾಗದಲ್ಲಿ ಬೆಳೆಸಿ ತೋರಿಸಿದ. ನೀರು ಬಸಿದ ಮೇಲೆ ಜ್ವರ ಇಳಿಯಿತು.

ನಮ್ಮ ಮಂಡ್ಯದಲ್ಲಿ ಇದರ ತಿರುವುಮುರುವು ಆಯಿತು. ಕನ್ನಂಬಾಡಿ ಕಟ್ಟಿ, ಇರ್ವಿನ್ ನಾಲೆ ಬಂದು, ರಾಗಿ ಹೊಲ ಗದ್ದೆಯಾದಾಗ ನೀರಿನ ಹಿಂದೆಯೇ ಚಳಿಜ್ವರ ಬಂತು. ಸರ್ಕಾರ ಮಲೇರಿಯಾ ತಡೆಗೆಂದೇ ಮಂಡ್ಯದಲ್ಲಿ ಜನರನ್ನು ಇಟ್ಟಿತ್ತು. ನೀರು ಜಾಸ್ತಿ ಕಟ್ಟಿದ ಕಡೆ ನೆಲ ಚೌಳಾಯಿತು. ಹಾಗಂತ ನಾಲೆ ಬೇಡವಾಗಿತ್ತು ಅಂತ ನಮ್ಮಲ್ಲಿ ಯಾರಾದರೂ ಅಂತಾರಾ?

ಮಳವಳ್ಳಿ ಗೌಡ

ನಾಲೆ ಬೇಡ ಅಂದರೆ ಮಂಡ್ಯದಲ್ಲಿ ಊಟ ಹಾಕಲ್ಲ ಮೇಷ್ಟ್ರೇ. ಆದರೆ ನಾಲೆಯ ನೀರು ನನ್ನ ಗದ್ದೆಗೆ ಬಂತು. ಗದ್ದೆ ನನ್ನದಾಗಿಯೇ ಉಳಿಯಿತು. ಅಲ್ಲಿ ಬಯಲು ಊರಿಂದ ಹೋಗಿ ಒಡೆಯರ ಕೈ ಸೇರಿತು. ಕುರಿಗಾಹಿ ಏನಾದ?

ಪಿಟೀಲು ಪ್ರಿಯೆ (ಅಗ್ರಹಾರ)

ಕುರಿಗಾಹಿ ರಾಳ ತೆಗೆಯುವ ಕೂಲಿಯಾದ ಗೌಡ್ರೇ. ಇದು ನನಗೆ ಗೊತ್ತಿರುವುದು ಪಿಟೀಲಿನಿಂದ. ಬಿಲ್ಲಿಗೆ ಉಜ್ಜುವ ರೋಸಿನ್ ಪೈನ್ ರಾಳದ್ದು. ಅದು ಎಲ್ಲಿಂದ ಬರುತ್ತದೆ ಅಂತ ಹುಡುಕುತ್ತಾ ಹೋದಾಗ ಲಾಂದ್ ಸಿಕ್ಕಿತು.

ಕೆಲಸ ಹೀಗೆ. ಮರದ ಬುಡದ ಹತ್ತಿರ ಬಾಗಿದ ಬಾಯಿಯ ಕೊಡಲಿಯಿಂದ ತೊಗಟೆ ಕೆತ್ತಿ, ಬಿಳಿ ಮರ ಕಾಣುವ ಹಾಗೆ ಕಿರಿದಾದ ಗಾಯ ಮಾಡುತ್ತಾರೆ. ರಾಳ ಒಸರುತ್ತದೆ. ಕೆಲವು ದಿನಕ್ಕೆ ಗಾಯ ಕಟ್ಟಿಕೊಳ್ಳುತ್ತದೆ, ಮತ್ತೆ ಅದರ ಮೇಲಕ್ಕೆ ತೆಳುವಾಗಿ ಕೆತ್ತಬೇಕು. ಬೇಸಿಗೆ ಪೂರ್ತಿ ಇದೇ. ವರ್ಷ ವರ್ಷ ಗಾಯ ಮರದುದ್ದಕ್ಕೂ ಮೇಲೇರುತ್ತದೆ. ಮೊದಲು ಬುಡದಲ್ಲಿ ಗುಂಡಿ ತೋಡಿ ರಾಳ ಹಿಡಿಯುತ್ತಿದ್ದರು, ಅರ್ಧ ಮಣ್ಣಿನ ಪಾಲು. 1840ರ ದಶಕದಲ್ಲಿ ಪಿಯೆರ್ ಯೂಗ್ ಅನ್ನುವವನು ಮೊಳೆ ಹೊಡೆದು ಮರಕ್ಕೇ ನೇತುಹಾಕುವ ಮಣ್ಣಿನ ಕುಡಿಕೆ ಮಾಡಿದ. ಗಾಯ ಮೇಲೇರಿದಂತೆ ಕುಡಿಕೆಯೂ ಮೇಲೇರುತ್ತದೆ.

ಆ ರಾಳ ಬಟ್ಟಿ ಇಳಿಸಿದರೆ ಟರ್ಪೆಂಟೈನ್ ಒಂದು ಕಡೆ, ರೋಸಿನ್ ಇನ್ನೊಂದು ಕಡೆ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ. ಅಲ್ಲಿನ ರಾಳ ನಿಂತು ಲಾಂದ್ ರಾಳದ ಬೆಲೆ ಗಗನಕ್ಕೇರಿತು. ನೆಟ್ಟವರಿಗೆ ಬಂಪರ್. ಕುಡಿಕೆ ಕಟ್ಟುವವನಿಗೆ ಪಾಲಿನ ಲೆಕ್ಕದಲ್ಲಿ ಸಿಕ್ಕಿದ್ದೇ ಸಿಕ್ಕಿದ್ದು. 1990ರ ಹೊತ್ತಿಗೆ ಆ ಕಸುಬು ಹೆಚ್ಚುಕಮ್ಮಿ ನಿಂತೇ ಹೋಯಿತು. ಅಗ್ಗದ ರಾಳ ಬೇರೆ ದೇಶಗಳಿಂದ ಬಂತು, ರಾಸಾಯನಿಕವೂ ಬಂತು.

ಕುಕ್ಕರಹಳ್ಳಿ ವಾಕರ್

ರಾಳ ತುಂಬಿದ ಮರ ಅಂದ ಮೇಲೆ ಬೆಂಕಿಯ ಮಾತೂ ಬರಬೇಕಲ್ವಾ? ಚಾಮುಂಡಿ ಬೆಟ್ಟದ ಒಣ ಹುಲ್ಲಿಗೇ ಬೇಸಿಗೆಯಲ್ಲಿ ಬೆಂಕಿ ಬಿದ್ದರೆ ಊರೆಲ್ಲ ಹೊಗೆ. ಇಲ್ಲಿ ಎರಡು ಜಿಲ್ಲೆಯಷ್ಟು ಪೈನ್!

ಆಗಸ್ಟ್ 1949ರ ಬೆಂಕಿ ಓದಿದರೆ ಮೈ ನಡುಗುತ್ತದೆ. ಬೋರ್ಡೋದ ತೆಂಕಣ ಭಾಗದಲ್ಲಿ ಹತ್ತಿದ್ದು. ಆರಿಸಲು ಹೋದವರ ಮೇಲೆ ಗಾಳಿ ತಿರುಗಿತು. 82 ಜನ ಸತ್ತರು. ಅದರಲ್ಲಿ ಊರವರೂ ಇದ್ದರು, ಸೈನಿಕರೂ ಇದ್ದರು. ಸುಮಾರು 50 ಸಾವಿರ ಹೆಕ್ಟೇರ್ ಸುಟ್ಟಿತು. ಯುದ್ಧದ ವರ್ಷಗಳಲ್ಲಿ ಕಾಡಿನ ಕೆಳಗೆ ಬೆಳೆದ ಪೊದೆ ಕಡಿಯುವವರಿರಲಿಲ್ಲ, ಜೊತೆಗೆ ಬರಗಾಲ. ಒಂದೇ ಜಾತಿಯ ಮರ ಬೆಳೆಸಿದರೆ ಹೀಗೇ ಅಂತ ನನ್ನ ವಾದ.

ಕುವೆಂಪುನಗರ ಸೈಕಲ್

ಅರ್ಧ ಒಪ್ಪುತ್ತೇನೆ. ಅಲ್ಲಿ 1945ರಿಂದಲೇ ಕಾಡಿನ ಒಡೆಯರೆಲ್ಲ ಬೆಂಕಿ ತಡೆ ಸಂಘಕ್ಕೆ ಸೇರಲೇಬೇಕು ಅಂತ ಕಾನೂನಿದೆ. ಹೆಕ್ಟೇರ್ ಲೆಕ್ಕದಲ್ಲಿ ದುಡ್ಡು ಕಟ್ಟಬೇಕು. 1949ರ ಮೇಲೆ ಇದು ಬಿಗಿಯಾಯಿತು. ಆ ದುಡ್ಡಿನಲ್ಲಿ ಕಾಡಿನೊಳಗೆ ದಾರಿ, ಕಾಲುವೆಗೆ ಸೇತುವೆ, ನೀರಿನ ಗುಂಡಿ. ಸುಟ್ಟ ಜಾಗದಲ್ಲಿ ಬೇಕೆಂದೇ ಕಾಡು ಒಡೆದು ಮೆಕ್ಕೆಜೋಳದ ಹೊಲ ಮಾಡಿದರು. ಹಾಗಾಗಿ ಹಲವು ದಶಕ ಸಣ್ಣ ಬೆಂಕಿ ನೂರಾರು ಹತ್ತಿದರೂ ದೊಡ್ಡದಾಗಲಿಲ್ಲ.

ಆಮೇಲೆ ಬಂತು 2022ರ ಜುಲೈ. ಲಾಂದಿರಾಸ್‌ನಲ್ಲಿ ಒಂದು, ಲಾ ತೆಸ್ತ್‌ನಲ್ಲಿ ಒಂದು. ಎರಡೂ ಸೇರಿ 20 ಸಾವಿರ ಹೆಕ್ಟೇರ್ ಆಸುಪಾಸು. 36 ಸಾವಿರಕ್ಕೂ ಹೆಚ್ಚು ಜನರನ್ನು ಮನೆ, ಟೆಂಟು ಬಿಡಿಸಿದರು. ಲಾ ತೆಸ್ತ್‌ದು ಕೆಟ್ಟು ನಿಂತ ಒಂದು ವ್ಯಾನಿನಿಂದ ಶುರುವಾದದ್ದು. ಲಾಂದಿರಾಸ್ ಬೆಂಕಿ ಆರಿತು ಅಂದುಕೊಂಡರೆ ಆಗಸ್ಟ್‌ನಲ್ಲಿ ಮತ್ತೆ ಎದ್ದಿತು. ಅದರ ಪಕ್ಕದ ಓಸ್ತೆನ್ಸ್‌ನಲ್ಲಿ ಹಿಂದೆ ಕಂದು ಕಲ್ಲಿದ್ದಲು ಗಣಿ ಇತ್ತು. ಆ ಕಲ್ಲಿದ್ದಲು ನೆಲದೊಳಗೇ ಹತ್ತಿಕೊಂಡು, ಚಳಿಗಾಲ ಕಳೆದ ಮೇಲೂ ಹೊಗೆಯಾಡುತ್ತಿತ್ತು.

ವಾಕರ್ ಸಾರ್, ನಿಮ್ಮ ವಾದಕ್ಕೆ ಒಂದು ತೊಡಕಿದೆ. ಲಾ ತೆಸ್ತ್‌ನಲ್ಲಿ ಸುಟ್ಟದ್ದು ಸಾಲು ತೋಟ ಅಲ್ಲ. ಅದು ಹಳೆಯ ಕಾಡು. ಪೈನ್, ಓಕ್ ಎಲ್ಲ ಬೆರೆತು, ತಾನಾಗಿ ಬೆಳೆದದ್ದು.

ಕುಕ್ಕರಹಳ್ಳಿ ವಾಕರ್

ಇದು ಹೊಸ ವಿಷಯ. ಹಳೆಯ ಕಾಡು ಯಾಕೆ ಹಾಗೇ ಉಳಿದಿತ್ತು?

ಕುವೆಂಪುನಗರ ಸೈಕಲ್

1468ರ ಒಂದು ಒಪ್ಪಂದ ಇದೆ. ಆ ಊರುಗಳ ಜನ ಉರುವಲಿಗೆ, ಮನೆಗೆ, ದೋಣಿಗೆ ಮರ ಕಡಿದುಕೊಳ್ಳಬಹುದು. ಒಡೆಯನಿಗೆ ರಾಳ ಮಾತ್ರ. ನೆಲ ಒಬ್ಬರದು, ಮರ ಊರದು. ಇವತ್ತಿಗೂ ಜಾರಿಯಲ್ಲಿದೆ. ಹಾಗಾಗಿ ಅಲ್ಲಿ ಒಟ್ಟಿಗೆ ಕಡಿದು ಮಾರುವಂತಿಲ್ಲ, ಸಾಲು ನೆಡುವಂತಿಲ್ಲ. ರಾಳದ ಕಸುಬು ಹೋದ ಮೇಲೆ ಒಡೆಯರಿಗೆ ಕಾಡಿನಿಂದ ಬರುವುದೇನೂ ಇಲ್ಲ. ಒಳಗೆ ಓಡಾಟ ಕಮ್ಮಿಯಾಯಿತು, ಪೊದೆ ಬೆಳೆಯಿತು. ದಾರಿ ಅಗಲ ಮಾಡುವ ವಿಷಯದಲ್ಲಿ ಜಗಳ. ಬೆಂಕಿ ಆದ ಮೇಲೆ "ನೋಡಿದಿರಾ, ನಿಮ್ಮ ಹಕ್ಕಿನಿಂದಲೇ ಸುಟ್ಟಿತು" ಅಂತ ಒಬ್ಬರು, "ಈ ನೆಪದಲ್ಲಿ ಹಕ್ಕು ಕಿತ್ತುಕೊಳ್ಳುತ್ತಿದ್ದೀರಿ" ಅಂತ ಇನ್ನೊಬ್ಬರು.

ನನಗನಿಸುವುದು, ಕಾಡು ಬೆರಕೆಯಾ ಒಂದೇ ಜಾತಿಯಾ ಅನ್ನುವುದಕ್ಕಿಂತ ಅದರೊಳಗೆ ಕೆಲಸ ಮಾಡುವ ಜನ ಇದ್ದಾರಾ ಅನ್ನುವುದು ದೊಡ್ಡ ಪ್ರಶ್ನೆ. ರಾಳದವರು ದಿನಾ ಕಾಡಿನಲ್ಲಿರುತ್ತಿದ್ದರು. ಕೆಳಗಿನ ಪೊದೆ ಸವರುತ್ತಿದ್ದವರು ಅವರೇ, ಹೊಗೆ ಮೊದಲು ಕಾಣುತ್ತಿದ್ದದ್ದೂ ಅವರಿಗೇ.

ಮಳವಳ್ಳಿ ಗೌಡ

ನೂರಕ್ಕೆ ನೂರು. ಊರವರಿಗೆ ಹಕ್ಕಿದ್ದ ಕಾಡು 550 ವರ್ಷ ನಿಂತಿತು ಅನ್ನುವುದನ್ನೂ ಯಾರಾದರೂ ಬರೆದುಕೊಳ್ಳಿ.

ಪಾಂಡವಪುರ ಪೋರ

ಬೆಂಕಿ ಸರಿ, ಬಿರುಗಾಳಿ? ಕಬ್ಬು ಬೀಳುವ ಹಾಗೆ ಮರ ಬಿದ್ದಿದ್ದ ವಿಡಿಯೋ ಯಾವಾಗಲೋ ನೋಡಿದ್ದೆ. ಅದು ಇದೇ ಕಾಡಾ?

ಕುವೆಂಪುನಗರ ಸೈಕಲ್

ಇದೇ ಇರಬೇಕು. ಡಿಸೆಂಬರ್ 1999ರಲ್ಲಿ ಮಾರ್ತಾಂ, ಜನವರಿ 24, 2009ರಂದು ಕ್ಲೌಸ್. ಎರಡನೆಯದರಲ್ಲಿ ಸುಮಾರು 4 ಕೋಟಿ ಘನ ಮೀಟರ್ ಮರ ಬಿತ್ತು. ಗಟ್ಟಿ ಪದರದಿಂದಾಗಿ ಬೇರು ಆಳಕ್ಕಿಲ್ಲ, ಚಳಿಗಾಲದಲ್ಲಿ ನೆಲ ನೆನೆದಿರುತ್ತದೆ. ಬೀಳದೆ ಇನ್ನೇನು? ಬಿದ್ದ ಮರಕ್ಕೆ ಹುಳ ಹಿಡಿಯಬಾರದು ಅಂತ ದಿಮ್ಮಿಗಳನ್ನು ಬೆಟ್ಟದಂತೆ ಪೇರಿಸಿ, ಹಗಲೂ ರಾತ್ರಿ ಸ್ಪ್ರಿಂಕ್ಲರ್‌ನಿಂದ ನೀರು ಹಾಯಿಸಿ ವರ್ಷಗಟ್ಟಲೆ ಇಟ್ಟರು. ಮಾರುಕಟ್ಟೆಗೆ ಒಟ್ಟಿಗೆ ಬಿಟ್ಟರೆ ಬೆಲೆ ನೆಲ ಕಚ್ಚುತ್ತಿತ್ತು. ತೊಗಟೆ ಕೊರೆಯುವ ಹುಳ ಆದರೂ ಬಂತು, ನಿಂತಿದ್ದ ಮರಗಳನ್ನೂ ಒಂದಷ್ಟು ತಿಂದಿತು.

ಹೊಳೆದಂಡೆ (ತಿ. ನರಸೀಪುರ)

ಇಷ್ಟು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ಮರಳಿಗೆ ಮತ್ತೆ ಬರುತ್ತೇನೆ. ಅಷ್ಟೆಲ್ಲ ಬೇಲಿ, ಹುಲ್ಲು ಹಾಕಿದ ಮೇಲೂ ಪಿಲಾ ಅನ್ನುವ ದಿಬ್ಬ ಇನ್ನೂ ನಡೆಯುತ್ತಿದೆಯಂತೆ?

ಕುವೆಂಪುನಗರ ಸೈಕಲ್

ನಡೆಯುತ್ತಿದೆ. ಸುಮಾರು 100 ಮೀಟರ್ ಎತ್ತರ, ಮೂರು ಕಿಲೋಮೀಟರ್ ಹತ್ತಿರ ಉದ್ದ. ವರ್ಷಕ್ಕೆ ಒಂದರಿಂದ ಐದು ಮೀಟರ್ ಕಾಡಿನ ಕಡೆ ಸರಿಯುತ್ತದೆ. ಹಿಂಬದಿಗೆ ನಿಂತರೆ ಪೈನ್ ಮರಗಳ ತುದಿ ಮಾತ್ರ ಮರಳಿನಿಂದ ಹೊರಗಿರುತ್ತದೆ, ಸೂಜಿಗಳು ಕಂದಾಗಿರುತ್ತವೆ. ಅದನ್ನು ಬೇಕೆಂದೇ ಹಾಗೇ ಬಿಟ್ಟಿದ್ದಾರೆ. ಪ್ರವಾಸಿಗರು ಬರುವುದೇ ಅದನ್ನು ನೋಡಲು.

ಕಡಲ ಕಡೆಯ ಮೈ ಇನ್ನೂ ಚೆಂದ. ಬಿಳಿ ಮರಳಿನ ನಡುವೆ ಕಪ್ಪು ಪಟ್ಟಿಗಳು. ಅವು ಹಳೆಯ ಕಾಡಿನ ನೆಲ. ಕೆಳಗಿನದು ಸಾವಿರಾರು ವರ್ಷ ಹಿಂದಿನದು, ಮೇಲಿನದು ಕೆಲವೇ ನೂರು ವರ್ಷದ್ದು. ಮೇಲಿನ ಪಟ್ಟಿಯಲ್ಲಿ ಪೈನ್ ಮೋಟು ಹಾಗೇ ನಿಂತಿರುತ್ತದೆ. ಅಂದರೆ ಮನುಷ್ಯ ಕೈ ಹಾಕುವ ಮುಂಚೆಯೂ ಕಾಡು ಬಂದಿದೆ, ಮರಳು ಮುಚ್ಚಿದೆ, ಮತ್ತೆ ಕಾಡು ಬಂದಿದೆ. ಸಾಂಗಿನೆ ಕೆರೆಯ ತಳದಲ್ಲಿ ಲೋಸಾ ಅನ್ನುವ ರೋಮನ್ ಕಾಲದ ಊರೇ ಮುಳುಗಿದೆ. ಮರಳ ದಿಬ್ಬ ಹಳ್ಳಗಳಿಗೆ ಅಡ್ಡ ನಿಂತು ನೀರು ಏರಿದ್ದರಿಂದ ಆದದ್ದು. ಕನ್ನಂಬಾಡಿ ಊರು ಮುಳುಗಿದ್ದು ಕಟ್ಟೆಗೆ, ಲೋಸಾ ಮುಳುಗಿದ್ದು ಗಾಳಿಗೆ.

ಈಗ ಕಡಲೇ ಒಳಗೆ ಬರುತ್ತಿದೆ. ಸೂಲಾಕ್‌ನಲ್ಲಿ 1967ರ ಹೊತ್ತಿಗೆ ಕಡಲಿಂದ 200 ಮೀಟರ್ ದೂರ ಒಂದು ದೊಡ್ಡ ಅಪಾರ್ಟ್‌ಮೆಂಟ್ ಕಟ್ಟಿದರು. ಹೆಸರು ಲೆ ಸಿನ್ಯಾಲ್. 2014ರಲ್ಲಿ ಖಾಲಿ ಮಾಡಿಸಿದರು, 2023ರಲ್ಲಿ ಕೆಡವಿದರು. ಅಷ್ಟು ಹೊತ್ತಿಗೆ ಅಲೆ ಬಾಗಿಲಿಗೆ ಬಂದಿತ್ತು. ಎರಡನೇ ಮಹಾಯುದ್ಧದಲ್ಲಿ ಜರ್ಮನರು ದಿಬ್ಬದ ಮೇಲೆ ಕಟ್ಟಿದ ಕಾಂಕ್ರೀಟ್ ಬಂಕರ್‌ಗಳು ಈಗ ನೀರಿನಲ್ಲಿ ಬಿದ್ದಿವೆ.

ನಿವೃತ್ತ ಮೇಷ್ಟ್ರು

ಪೋರ್ಚುಗಲ್ಲಿನಲ್ಲಿ ಲೈರಿಯಾ ಅಂತ ರಾಜರ ಪೈನ್ ಕಾಡಿತ್ತು. 1279ರಿಂದ 1325ರವರೆಗೆ ಆಳಿದ ದಿನಿಸ್ ರಾಜ ನೆಡಿಸಿದ ಅಂತ ಪ್ರತೀತಿ. ಕಡಲ ಮರಳು ಹೊಲಕ್ಕೆ ಬರಬಾರದು ಅಂತ ಬೆಳೆಸಿದ್ದು, ಹಡಗಿಗೂ ಮರ ಕೊಟ್ಟಿತು. 2017ರ ಅಕ್ಟೋಬರ್‌ನಲ್ಲಿ ನೂರಕ್ಕೆ 80ರಷ್ಟು ಸುಟ್ಟುಹೋಯಿತು. ಜಪಾನಿನ ರಿಕುಜೆಂತಕಾತಾದಲ್ಲಿ 70 ಸಾವಿರ ಪೈನ್‌ಗಳ ಸಾಲು. 2011ರ ಸುನಾಮಿಗೆ ಒಂದೇ ಒಂದು ಮರ ಉಳಿಯಿತು. ಅದೂ ಬೇರಿಗೆ ಉಪ್ಪುನೀರು ತಾಗಿ ಮರುವರ್ಷ ಸತ್ತಿತು. ಹಾಗಾಗಿ ಇದು ಒಂದು ದೇಶದ ಕಥೆಯಲ್ಲ.

ಪಿಟೀಲು ಪ್ರಿಯೆ (ಅಗ್ರಹಾರ)

ಮೇಷ್ಟ್ರೇ, ಜಪಾನಿನವರು ಆ ಸಾಲನ್ನು ಮತ್ತೆ ನೆಟ್ಟಿದ್ದಾರೆ, ಅದನ್ನೂ ಸೇರಿಸಿ. ಇಲ್ಲದಿದ್ದರೆ ಓದುವವರು ಇವತ್ತು ಊಟ ಮಾಡಲ್ಲ.

ಮಳವಳ್ಳಿ ಗೌಡ

ಒಂದು ಕೆಲಸಕ್ಕೆ ಬರುವ ಪ್ರಶ್ನೆ. ಬೋರ್ ಕೈಕೊಟ್ಟ ಮೇಲೆ ನಾನೂ ಎರಡು ಎಕರೆ ಸರ್ವೆ ಹಾಕಿದ್ದೇನೆ. ಸೆಂಟ್ರಿಂಗ್‌ನವರು, ಪೇಪರ್ ಮಿಲ್‌ನವರು ಕೇಳುತ್ತಾರೆ. ವಾಕರ್ ಅವರು ಒಂದೇ ಜಾತಿ ಬೇಡ ಅಂತಾರೆ. ಬೆರಕೆ ಮಾಡಿದರೆ ಕೊಯ್ಲಿಗೆ ತೊಂದರೆ, ಲಾರಿಯವನು ಬೈಯುತ್ತಾನೆ. ಅಲ್ಲಿನವರು ಇದಕ್ಕೆ ಏನು ಮಾಡುತ್ತಾರೆ?

ಕುಕ್ಕರಹಳ್ಳಿ ವಾಕರ್

ಗೌಡ್ರೇ, ಇದನ್ನು ನಾನೇ ಹೇಳುತ್ತೇನೆ. ಲಾಂದ್‌ನಲ್ಲಿ ಪೈನ್‌ಗೆ ಒಂದು ಕಂಬಳಿಹುಳದ ಕಾಟ. ಕೊಂಬೆ ತುದಿಯಲ್ಲಿ ಬಿಳಿ ಬಲೆಯ ಗೂಡು ಕಟ್ಟಿ ಸೂಜಿ ತಿನ್ನುತ್ತದೆ. ಚಳಿಗಾಲ ಮುಗಿಯುವಾಗ ಒಂದರ ಹಿಂದೆ ಒಂದು ಸಾಲಾಗಿ ಮರ ಇಳಿದು ಮಣ್ಣಿಗೆ ಹೋಗುತ್ತದೆ. ಅದರ ರೋಮ ತಾಗಿದರೆ ಮೈಯೆಲ್ಲ ತುರಿಕೆ, ನಾಯಿ ನೆಕ್ಕಿದರೆ ನಾಲಿಗೆಯೇ ಹೋಗುತ್ತದೆ. ಚಳಿ ಕಮ್ಮಿಯಾದಂತೆ ಅದು ಉತ್ತರಕ್ಕೂ ಹಬ್ಬುತ್ತಿದೆ.

ಅಲ್ಲಿನ ಸಂಶೋಧಕರು ನೋಡಿದ್ದೇನೆಂದರೆ, ಪೈನ್ ತೋಟದ ಅಂಚಿನಲ್ಲಿ ಅಗಲ ಎಲೆಯ ಮರದ ಸಾಲಿದ್ದರೆ ಗೂಡು ಕಮ್ಮಿ. ಆ ಹುಳದ ಪತಂಗ ದೂರದಿಂದ ಪೈನ್‌ನ ಆಕಾರ ನೋಡಿ, ವಾಸನೆ ಹಿಡಿದು ಬರುತ್ತದೆ. ಅಡ್ಡ ಇನ್ನೊಂದು ಮರ ಇದ್ದರೆ ಸುಲಭಕ್ಕೆ ಸಿಗುವುದಿಲ್ಲ. ಒಳಗಿನ ಸಾಲು ಹಾಗೇ ಇರಲಿ, ಅಂಚು ಮಾತ್ರ ಬೇರೆ ಮಾಡಿ. ಸರ್ವೆಗೆ ಆ ಹುಳ ಇಲ್ಲ, ನಮ್ಮಲ್ಲಿ ಇದು ಎಷ್ಟು ಕೆಲಸ ಮಾಡುತ್ತದೋ ನೀವೇ ನೋಡಿ ಹೇಳಬೇಕು. ಬದುವಿನ ಮೇಲೆ ಹೊಂಗೆ, ಬೇವು ಹಾಕಿದರೆ ನಷ್ಟವಂತೂ ಇಲ್ಲ.

ಮಳವಳ್ಳಿ ಗೌಡ

ಬದುವಿಗೆ ಹೊಂಗೆ ಆಗಬಹುದು. ಎಣ್ಣೆಬೀಜಕ್ಕೂ ಆಯಿತು, ಸೊಪ್ಪು ಗದ್ದೆಗೂ ಆಯಿತು. ಗ್ಲಿರಿಸೀಡಿಯಾ ಸೇರಿಸಿದರೆ ಕುರಿಗೂ ಮೇವು. ಒಂದೇ ತೊಂದರೆ, ಪಕ್ಕದ ಹೊಲದವರು ನೆರಳು ಬೀಳುತ್ತದೆ ಅಂತ ಜಗಳಕ್ಕೆ ಬರುತ್ತಾರೆ. ಅವರದು ರಾಗಿ.

ಪಾಂಡವಪುರ ಪೋರ

ಉತ್ತರದ ಬದುವಿಗೆ ಹೊಂಗೆ ಹಾಕಬೇಡಿ ಗೌಡ್ರೇ. ಚಳಿಗಾಲದ ಬಿಸಿಲು ದಕ್ಷಿಣದಿಂದ ಬರುತ್ತೆ, ನೆರಳೆಲ್ಲ ಉತ್ತರದ ಹೊಲಕ್ಕೇ. ಅವರ ಹೊಲ ಯಾವ ಕಡೆ?

ಮಳವಳ್ಳಿ ಗೌಡ

ಉತ್ತರಕ್ಕೇ ಕಣಪ್ಪ. ಆ ಬದುವಿಗೆ ನುಗ್ಗೆ ಹಾಕುತ್ತೇನೆ ಬಿಡು. ಎಲೆ ತೆಳು, ಕಾಯಿ ಅವರಿಗೂ ನಾಲ್ಕು ಕೊಟ್ಟರೆ ಆಯಿತು.